ಕುಡುಕ ಉಳಿದ, ಅವನ ಮನೆ ಕಾಣೆಯಾಯಿತು

ಗುಬ್ಬಿಯ ಚನ್ನಬಸವೇಶ್ವರ ಜಾತ್ರೆ. ತೇರು ನೆಲೆ ಸೇರಿದ ಮೇಲೆ ಜನ ಅಂಗಡಿ ಸಾಲಿನ ಕಡೆ ಹೊರಳುತ್ತಾರೆ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಇಂಥ ಯಾವುದೇ ಜಾತ್ರೆಯ ಸಾಲಿನಲ್ಲಿ ಬೆಂಡು ಬತ್ತಾಸು, ಕಡ್ಲೆಪುರಿ, ಬಳೆ, ಪ್ಲಾಸ್ಟಿಕ್ ಬಂದೂಕುಗಳ ನಡುವೆ ಒಂದು ಸೀಡಿ ಅಂಗಡಿ ಇರಲೇಬೇಕಿತ್ತು. ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಬಣ್ಣದ ಕವರುಗಳು, ಮರದ ಪೆಟ್ಟಿಗೆಯ ಮೇಲೊಂದು ಪುಟ್ಟ ಟಿ.ವಿ. ಭಕ್ತಿಗೀತೆ ಹಾಕಿದರೆ ನಾಲ್ಕು ಜನ ನಿಲ್ಲುತ್ತಿದ್ದರು. ಕುಡುಕನ ಕಾಮಿಡಿ ಹಾಕಿದರೆ ನಲವತ್ತು ಜನ.

ಪರದೆಯ ಮೇಲೆ ಮೊಣಕಾಲಿಗೆ ಲುಂಗಿ ಕಟ್ಟಿದವನೊಬ್ಬ ಲೈಟು ಕಂಬಕ್ಕೆ ಕೈಮುಗಿದು ದಾರಿ ಬಿಡು ಎಂದು ಬೇಡಿಕೊಳ್ಳುತ್ತಾನೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಾರೆ, ಮಕ್ಕಳು ಅವನ ನಡಿಗೆಯನ್ನು ಅಲ್ಲೇ ಅನುಕರಿಸುತ್ತಾರೆ. ಅವನು ಕಂಬ ದಾಟುವಷ್ಟರಲ್ಲಿ ದೃಶ್ಯ ಕತ್ತರಿಸಿ ಬೇರೊಂದು ಸಿನಿಮಾದ ಇನ್ನೊಬ್ಬ ಕುಡುಕ ಬರುತ್ತಾನೆ. ಅವನ ಹಿಂದೆ ಟಿ.ವಿ. ಧಾರಾವಾಹಿಯ ಮತ್ತೊಬ್ಬ. ಒಂದು ಗಂಟೆ ಕುಡುಕರದೇ ಮೆರವಣಿಗೆ.

ಕತೆಯಿಂದ ಕಿತ್ತು, ಅಮಲಿನ ದೃಶ್ಯಗಳನ್ನೇ ಪೋಣಿಸಿದ ಈ ನಗೆ ಸಂಗ್ರಹಗಳನ್ನು ಹೆಚ್ಚುಕಡಿಮೆ ಎಲ್ಲರೂ ನೋಡಿದ್ದೇವೆ. ಅವು ಹೇಗೆ ಹುಟ್ಟಿದವು, ಯಾವ ಕಾನೂನಿನಡಿ ಬರುತ್ತವೆ, ಹಾಗೆ ಕಿತ್ತಾಗ ನಮ್ಮ ಹಾಸ್ಯಕ್ಕೆ ಏನಾಯಿತು ಎಂಬುದನ್ನು ಮಾತ್ರ ಯಾರೂ ಕೂತು ವಿಚಾರಿಸಿದಂತಿಲ್ಲ.

ಅಲ್ಲಿ ಗಾಂಜಾ, ಇಲ್ಲಿ ಎಣ್ಣೆ

ಅಮೆರಿಕದಲ್ಲಿ ಇದು ಹಳೆಯ ವ್ಯಾಪಾರ. 1970ರ ದಶಕದಲ್ಲಿ ಚೀಚ್ ಮತ್ತು ಚಾಂಗ್ ಎಂಬ ಜೋಡಿ ಗಾಂಜಾ ಸೇದುವವರ ಮಾತುಕತೆಯನ್ನೇ ನಗೆಪ್ರಸಂಗ ಮಾಡಿ ಗ್ರಾಮಫೋನ್ ತಟ್ಟೆಗಳನ್ನು ಹೊರತಂದಿತು. 1972ರ ಅವರ ಒಂದು ತಟ್ಟೆಯ ಜೊತೆ ದೈತ್ಯ ಗಾತ್ರದ ಸಿಗರೇಟು ಸುತ್ತುವ ಕಾಗದವನ್ನೂ ಇಟ್ಟು ಮಾರಿದರು. ಡಿ.ವಿ.ಡಿ. ಬಂದ ಮೇಲೆ ಟಿ.ವಿ. ಹಾಸ್ಯ ಸರಣಿಗಳ ಮಾದಕ ವಸ್ತುವಿನ ಕಂತುಗಳನ್ನೂ ಕಿರುಪ್ರಹಸನಗಳನ್ನೂ ಆಯ್ದು ಒಂದೇ ತಟ್ಟೆಗೆ ತುಂಬಿ ಮಾರಿದ್ದೂ ಉಂಟು.

ಕನ್ನಡದ ನಗೆಗೆ ಗಾಂಜಾ ಅಷ್ಟು ಒಗ್ಗಿಲ್ಲ. ಚಿಲುಮೆ ಹಿಡಿದ ಕಪಟ ಬೈರಾಗಿ ಆಗಾಗ ಬಂದು ಹೋಗುತ್ತಾನೆ, ಅಷ್ಟೇ. ನಮ್ಮಲ್ಲಿ ನಗಿಸುವವನು ಕುಡುಕ. ತುಮಕೂರು ಸೀಮೆಯಲ್ಲಿ ಅದಕ್ಕೆ ಕಾರಣವೂ ಇದೆ. ಈಚಲು, ತೆಂಗು ಎರಡೂ ಬೆಳೆಯುವ ಈ ನೆಲದಲ್ಲಿ ಹೆಂಡದಂಗಡಿ ಊರಿನ ಭೂಗೋಳದ ಭಾಗವೇ ಆಗಿತ್ತು. ಹೆಂಡದ ಜಾಗಕ್ಕೆ ಸಾರಾಯಿ ಬಂತು. ಅದರ ಜಾಗದಲ್ಲಿ ಈಗ ಕ್ವಾರ್ಟರ್, ನೈಂಟಿ, ಟೆಟ್ರಾ ಪ್ಯಾಕ್. ಪಾನೀಯ ಬದಲಾದಂತೆ ಹಾಸ್ಯದ ಕುಡುಕನ ಕೈಯಲ್ಲಿನ ಸಾಮಾನು ಬದಲಾಯಿತು, ಅವನು ಮಾತ್ರ ಅವನೇ.

ತೂರಾಟದ ವಿದ್ಯೆ

ಗುಬ್ಬಿಯ ಹೆಸರು ಎತ್ತಿದ ಮೇಲೆ ನಾಟಕ ಕಂಪನಿಯ ಮಾತು ಬಾರದೆ ಇರದು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಬಾಲಕನಾಗಿ ಅದನ್ನು ಸೇರಿದ ಗುಬ್ಬಿ ವೀರಣ್ಣ ಮುಂದೆ ಅದರ ಒಡೆಯರಾದರು. ರಂಗದ ಮೇಲೆ ಆನೆ ತಂದ ವೈಭವ ಎಷ್ಟು ದೊಡ್ಡದೋ, ಅವರ ಹಾಸ್ಯನಟನೆಯೂ ಅಷ್ಟೇ ದೊಡ್ಡದು. ‘ಸದಾರಮೆ’ಯ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. 1954ರ ‘ಬೇಡರ ಕಣ್ಣಪ್ಪ’ ಚಿತ್ರದ ನಿರ್ಮಾಣದಲ್ಲಿ ಗುಬ್ಬಿ ಸಂಸ್ಥೆಯ ಕೈ ಇತ್ತು. ರಾಜ್‌ಕುಮಾರ್ ಅವರನ್ನು ನಾಯಕನಾಗಿ ತಂದ ಆ ಚಿತ್ರವೇ ತಿಪಟೂರಿನ ನರಸಿಂಹರಾಜು ಅವರನ್ನೂ ಬೆಳ್ಳಿತೆರೆಗೆ ತಂದಿತು. ಕನ್ನಡ ಸಿನಿಮಾ ಹಾಸ್ಯದ ಒಂದು ದೊಡ್ಡ ಬೇರು ಈ ಜಿಲ್ಲೆಯಲ್ಲೇ ಇದೆ.

ಕಂಪನಿ ನಾಟಕದಲ್ಲಿ ಕುಡುಕನ ಪಾತ್ರ ಕೊಡುವುದು ಪಳಗಿದವನಿಗೆ. ಹೊಸಬ ರಂಗಕ್ಕೆ ಬಂದು ತೂರಾಡುತ್ತಾನೆ. ಬಲ್ಲವನು ತೂರಾಡದೆ ಇರಲು ಹೆಣಗುತ್ತಾನೆ, ನಗು ಇರುವುದು ಆ ಹೆಣಗಾಟದಲ್ಲಿ. ಅವನು ಬಾಗಿಲ ಚಿಲಕ ತೆಗೆಯುವುದನ್ನೇ ನೋಡಿ. ಮೊದಲು ಚಿಲಕವನ್ನು ಕಣ್ಣಿನಲ್ಲಿ ಹಿಡಿದು ನಿಲ್ಲಿಸುತ್ತಾನೆ. ಆಮೇಲೆ ಕೈಯನ್ನು ಅದರ ಕಡೆ ಕಳಿಸುತ್ತಾನೆ. ಕೈ ಹೋಗುವಷ್ಟರಲ್ಲಿ ಮೈ ಒಂದು ಗೇಣು ಪಕ್ಕಕ್ಕೆ ಸರಿದಿರುತ್ತದೆ. ಸರಿದದ್ದು ಚಿಲಕವೇ ಎಂದು ನಂಬಿ ಅದಕ್ಕೆ ಬುದ್ಧಿ ಹೇಳುತ್ತಾನೆ, ಅದೂ ಬಹಳ ಮರ್ಯಾದೆಯಿಂದ. ಪಕ್ಕದಲ್ಲಿ ಕೂತ ತಬಲದವನು ಹೆಜ್ಜೆಗೊಂದು ಪೆಟ್ಟು ಕೊಡುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಕಾಲು ಜಾರಿದ ಕಡೆ ಸ್ವರವನ್ನೂ ಜಾರಿಸುತ್ತಾರೆ. ಮೂವರ ಲೆಕ್ಕ ಒಂದೇ ಆದಾಗ ಕಡೆಯ ಸಾಲಿನ ತನಕ ನಗೆ ಹರಿಯುತ್ತದೆ.

ಈ ವಿದ್ಯೆ ಇನ್ನೂ ಸತ್ತಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಇವತ್ತಿಗೂ ರೈತರು, ಮೇಷ್ಟ್ರುಗಳು, ಆಟೋ ಓಡಿಸುವವರು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ ‘ಕುರುಕ್ಷೇತ್ರ’ ಆಡುತ್ತಾರೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಇಂಥ ನಾಟಕಗಳು ಮೇಲಿಂದ ಮೇಲೆ ನಡೆಯುತ್ತಲೇ ಇರುತ್ತವೆ. ಭೀಮ ದುರ್ಯೋಧನರ ಆರ್ಭಟ ಕೇಳಿ ದಣಿದ ಜನಕ್ಕೆ ನಡುರಾತ್ರಿ ನಿದ್ದೆ ಬಿಡಿಸುವುದು ಹಾಸ್ಯಪಾತ್ರದ ಕೆಲಸ.

ನಗುವಿನ ಹಿಂದೆ ಒಂದು ಮನೆ

ಹಳೆಯ ನಾಟಕಗಳ ಕುಡುಕ ಒಂಟಿಯಾಗಿ ಬರುತ್ತಿರಲಿಲ್ಲ. ಅವನ ಬೆನ್ನಿಗೆ ಹೆಂಡತಿ ಇರುತ್ತಿದ್ದಳು, ಬಡ್ಡಿ ಸಾಹುಕಾರ ಇರುತ್ತಿದ್ದ, ಹಸಿದ ಮಗು ಇರುತ್ತಿತ್ತು. ಚಿಲಕದ ದೃಶ್ಯದಲ್ಲಿ ನಕ್ಕ ಜನ, ಆ ಬಾಗಿಲು ತೆರೆದಾಗ ಒಳಗೆ ಕಾಣುವ ಖಾಲಿ ಒಲೆಯನ್ನೂ ನೋಡಲೇಬೇಕಾಗುತ್ತಿತ್ತು.

ಪಕ್ಕದ ಮರಾಠಿಯಲ್ಲಿ ರಾಮ ಗಣೇಶ ಗಡಕರಿ ಬರೆದ ‘ಏಕಚ್ ಪ್ಯಾಲಾ’ ಇದಕ್ಕೆ ಒಳ್ಳೆಯ ಉದಾಹರಣೆ. 1919ರಲ್ಲಿ ರಂಗಕ್ಕೆ ಬಂದ ಈ ನಾಟಕದಲ್ಲಿ ತಳೀರಾಮ ಎಂಬ ಕುಡುಕ ಕುಡುಕರದೇ ಒಂದು ಮಂಡಳಿ ಕಟ್ಟಿ ಭಾಷಣ ಬಿಗಿಯುತ್ತಾನೆ. ಸಭಾಂಗಣ ಬಿದ್ದು ಬಿದ್ದು ನಗುತ್ತದೆ. ಅದೇ ನಾಟಕದಲ್ಲಿ ಸುಧಾಕರ ಎಂಬ ಬುದ್ಧಿವಂತ ವಕೀಲ ಒಂದೇ ಒಂದು ಬಟ್ಟಲಿನಿಂದ ಶುರುಮಾಡಿ ಹೆಂಡತಿ ಸಿಂಧುವನ್ನೂ ಮಗುವನ್ನೂ ಕಳೆದುಕೊಳ್ಳುತ್ತಾನೆ. ಬಾಲಗಂಧರ್ವರು ಸಿಂಧುವಿನ ಪಾತ್ರದಲ್ಲಿ ಜನರನ್ನು ಅಳಿಸುತ್ತಿದ್ದರು. ತಳೀರಾಮನ ದೃಶ್ಯಗಳನ್ನಷ್ಟೇ ಕತ್ತರಿಸಿ ಒಂದು ಸೀಡಿ ಮಾಡಿದರೆ ಅದು ಕುಡಿತದ ಜಾಹೀರಾತಾಗುತ್ತದೆ. ಇಡೀ ನಾಟಕವೋ ಕುಡಿತವನ್ನು ಖಂಡಿಸಲೆಂದೇ ಬರೆದದ್ದು.

ಕನ್ನಡಕ್ಕೆ ಕುಡುಕನ ಬಾಯಲ್ಲಿ ದೊಡ್ಡ ಕಾವ್ಯ ಕೊಟ್ಟವರು ಜಿ.ಪಿ. ರಾಜರತ್ನಂ. ಸ್ವತಃ ಹೆಂಡ ಮುಟ್ಟದ ಮೇಷ್ಟ್ರು 1930ರ ದಶಕದಲ್ಲಿ ಎಂಡ್ಕುಡ್ಕ ರತ್ನನನ್ನು ಸೃಷ್ಟಿಸಿದರು. ರತ್ನ ಕುಡಿಯುತ್ತಾನೆ, ಕನ್ನಡವನ್ನು ಪ್ರೀತಿಸುತ್ತಾನೆ, ಹೆಂಡತಿ ಪುಟ್ನಂಜಿಯನ್ನು ನೆನೆದು ಕರಗುತ್ತಾನೆ, ದೇವರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಮೈಸೂರು ಅನಂತಸ್ವಾಮಿ ಅವರ ಕಂಠದಲ್ಲಿ ಈ ಪದಗಳು ಕ್ಯಾಸೆಟ್ಟುಗಳಾಗಿ ಮನೆಮನೆ ಸೇರಿದವು. ಅದನ್ನು ಕೇಳಿ ಯಾರೂ ಹೆಂಡದಂಗಡಿ ಹುಡುಕಿಕೊಂಡು ಹೋಗಲಿಲ್ಲ, ಯಾಕೆಂದರೆ ಕೇಳುಗರಿಗೆ ಸಿಕ್ಕಿದ್ದು ಕುಡಿತಕ್ಕಿಂತ ಹೆಚ್ಚಾಗಿ ಒಬ್ಬ ಮನುಷ್ಯ. ಆ ಕ್ಯಾಸೆಟ್ಟೂ ಆಯ್ದು ಪೋಣಿಸಿದ್ದೇ. ಆದರೆ ಒಂದೊಂದು ಪದದಲ್ಲೂ ರತ್ನನ ಇಡೀ ಬದುಕು ಇರುವುದರಿಂದ ಎಲ್ಲಿ ಕತ್ತರಿಸಿದರೂ ಅವನು ಪೂರ್ತಿಯಾಗಿಯೇ ಸಿಗುತ್ತಾನೆ. ಸಿನಿಮಾದ ಕುಡುಕನಿಗೆ ಈ ಭಾಗ್ಯವಿಲ್ಲ. ಅವನ ಬದುಕು ಇರುವುದು ಹಿಂದಿನ ದೃಶ್ಯದಲ್ಲಿ ಇಲ್ಲವೇ ಮುಂದಿನ ದೃಶ್ಯದಲ್ಲಿ.

74 ನಿಮಿಷದ ಲೆಕ್ಕ

ಕ್ಯಾಸೆಟ್ ಕಾಲದಲ್ಲಿ ಕನ್ನಡಿಗರು ಹಾಸ್ಯವನ್ನು ಇಡಿಯಾಗಿಯೇ ಕೊಂಡರು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದಂಥ ನಾಟಕ ಮೊದಲಿನಿಂದ ಕೊನೆತನಕ ಟೇಪಿನಲ್ಲಿ ಸುತ್ತುತ್ತಿತ್ತು. ತುಂಡರಿಸುವ ಪದ್ಧತಿಗೆ ದಾರಿ ಮಾಡಿದ್ದು ವಿ.ಸಿ.ಡಿ.

1993ರಲ್ಲಿ ರೂಪುಗೊಂಡ ಈ ತಂತ್ರದಲ್ಲಿ ಹಾಡಿನ ಸೀಡಿಯಷ್ಟೇ ಗಾತ್ರದ ತಟ್ಟೆಗೆ ವಿಡಿಯೊ ಅಡಕ ಮಾಡುತ್ತಿದ್ದರು. ಹಿಡಿಯುತ್ತಿದ್ದುದು ಸುಮಾರು 74 ನಿಮಿಷ. ಚಿತ್ರದ ಸ್ಪಷ್ಟತೆ ಕಡಿಮೆ, ಗೀರು ಬಿದ್ದರೆ ಪರದೆಯ ತುಂಬ ಚೌಕಗಳು. ಆದರೆ ಪ್ಲೇಯರ್ ಅಗ್ಗ, ತಟ್ಟೆಯೂ ಅಗ್ಗ. ಎರಡೂವರೆ ಗಂಟೆಯ ಕನ್ನಡ ಸಿನಿಮಾಕ್ಕೆ ಎರಡು ಮೂರು ತಟ್ಟೆ ಬೇಕು, ಒಂದು ಗಂಟೆಯ ಕಾಮಿಡಿ ಸಂಗ್ರಹಕ್ಕೆ ಒಂದೇ ಸಾಕು. ಚಿತ್ರದ ವಿಡಿಯೊ ಹಕ್ಕನ್ನು ಮೊದಲೇ ಕೊಂಡಿದ್ದ ಕಂಪನಿಗೆ ಹೊಸ ಖರ್ಚೆಂದರೆ ಎಡಿಟಿಂಗ್ ಟೇಬಲ್ಲಿನ ಕೆಲವು ಗಂಟೆ, ಒಂದು ಕವರಿನ ಡಿಸೈನ್. ಹಳೆಯ ಚಿತ್ರವೊಂದು ಇಡಿಯಾಗಿ ಮಾರಾಟವಾಗದಿದ್ದರೂ ಅದರ ಐದು ನಿಮಿಷದ ಕುಡುಕ ಮಾರಾಟವಾಗುತ್ತಿದ್ದ.

2007ರ ಹೊತ್ತಿಗೆ ಮೋಸರ್ ಬೇಯರ್ ಕಂಪನಿ ವಿ.ಸಿ.ಡಿ.ಗೆ 28 ರೂಪಾಯಿ, ಡಿ.ವಿ.ಡಿ.ಗೆ 34 ರೂಪಾಯಿ ಎಂದು ದರ ಇಳಿಸಿ ಮಾರುಕಟ್ಟೆಯನ್ನೇ ಅಲ್ಲಾಡಿಸಿತು. ನಕಲಿ ಸೀಡಿ ಮಾರುವವರು ಅದಕ್ಕಿಂತ ಕೆಳಗೆ ಇಳಿಯಬೇಕಾಯಿತು. ಅವರಿಗಂತೂ ಹಕ್ಕಿನ ಹಂಗೇ ಇಲ್ಲ. ಯಾವ ಚಾನೆಲ್ಲಿನ ಯಾವ ಕಂತಾದರೂ ಸರಿ, ರೆಕಾರ್ಡ್ ಮಾಡಿ ಸೇರಿಸಿದರಾಯಿತು.

ಇದೇ ಹೊತ್ತಿಗೆ ಟಿ.ವಿ.ಯಲ್ಲಿ ಹಾಸ್ಯದ ಬೆಳೆ ಹುಲುಸಾಗಿತ್ತು. 1994ರಲ್ಲಿ ಉದಯ ಟಿ.ವಿ., 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳ ಕಂತುಗಳು ಊಟದ ಹೊತ್ತಿನ ಮಾತಾಗಿದ್ದವು. ಸಿನಿಮಾದ ಹಾಸ್ಯ ತುಣುಕುಗಳನ್ನೇ ಬಿತ್ತರಿಸುವ ಉದಯ ಕಾಮಿಡಿ ಎಂಬ ಚಾನೆಲ್ಲೂ ಬಂತು. ಸೀಡಿಯಲ್ಲಿ ಶುರುವಾದ ತುಣುಕಿನ ರುಚಿಗೆ ಇಡೀ ದಿನದ ಚಾನೆಲ್ಲೇ ಸಿಕ್ಕಂತಾಯಿತು.

ತುಣುಕು ಮಾಡುವವನ ಕತ್ತರಿ ಎಲ್ಲಿ ಬೀಳುತ್ತದೆ ಎಂಬುದೇ ಇಲ್ಲಿ ಮುಖ್ಯ. ಜೋರು ನಗು ಬಂದ ಕೂಡಲೇ ಅವನು ಕತ್ತರಿಸುತ್ತಾನೆ. ಅದು ಅವನ ಕಸುಬು, ತಪ್ಪು ಹೊರಿಸಲಾಗದು. ಆದರೆ ಬಾಗಿಲು ತೆರೆಯುವುದು ಆ ನಗುವಿನ ಮರುಕ್ಷಣದಲ್ಲಿ. ಹೆಂಡತಿ ನೋಡುವ ಒಂದು ನೋಟ, ಮಗು ಹಿಂದಕ್ಕೆ ಸರಿಯುವ ರೀತಿ ಎಲ್ಲವೂ ಕತ್ತರಿಯ ಆಚೆ ಉಳಿಯುತ್ತವೆ. ಬರೆದವನು ಒಟ್ಟಿಗೆ ಕಟ್ಟಿದ್ದ ನಗುವನ್ನೂ ನೋವನ್ನೂ ಮಾರಾಟದ ಲೆಕ್ಕ ಬೇರ್ಪಡಿಸಿತು.

ಕಾನೂನು ಎಲ್ಲಿ ನಿಲ್ಲುತ್ತದೆ

ಕುಡುಕನ ಹಾಸ್ಯಕ್ಕೆ ನಮ್ಮಲ್ಲಿ ನಿಷೇಧವಿಲ್ಲ. ಸೆನ್ಸಾರ್ ಮಂಡಳಿಗೆ ಕೇಂದ್ರ ಸರ್ಕಾರ 1991ರಲ್ಲಿ ಕೊಟ್ಟ ಮಾರ್ಗಸೂಚಿ ಹೇಳುವುದಿಷ್ಟು: ಕುಡಿತವನ್ನು ಸಮರ್ಥಿಸುವ, ವೈಭವೀಕರಿಸುವ ದೃಶ್ಯ ಇರಬಾರದು, ಮಾದಕ ವ್ಯಸನಕ್ಕೆ ಉತ್ತೇಜನ ಕೊಡುವ ದೃಶ್ಯವೂ ಇರಬಾರದು. ಮಂಡಳಿ ದೃಶ್ಯವನ್ನು ತೂಗುವುದು ಇಡೀ ಚಿತ್ರದ ಪರಿಣಾಮದ ಹಿನ್ನೆಲೆಯಲ್ಲಿ. ಕುಡುಕ ಕೊನೆಗೆ ಪಶ್ಚಾತ್ತಾಪ ಪಟ್ಟರೆ ಮೊದಲಿನ ನಗೆಗೆ ರಿಯಾಯಿತಿ ಸಿಗಬಹುದು. ಕೊನೆಯನ್ನು ಕಿತ್ತುಹಾಕಿ ನಗೆಯನ್ನಷ್ಟೇ ಉಳಿಸಿಕೊಂಡ ತುಣುಕು ಆ ರಿಯಾಯಿತಿಯ ಲಾಭವನ್ನು ಮಾತ್ರ ಜೇಬಿಗಿಳಿಸುತ್ತದೆ. ಮಾರ್ಗಸೂಚಿಯ ಆಶಯ ಸೋರಿಹೋಗುವುದು ಇಲ್ಲೇ ಎಂದು ನನಗೆ ಅನಿಸುತ್ತದೆ.

ಪರದೆಯ ಕೆಳಗೆ ಓಡುವ ಎಚ್ಚರಿಕೆಯ ಸಾಲು ಎಲ್ಲರಿಗೂ ಗೊತ್ತು. ತಂಬಾಕಿನ ದೃಶ್ಯಗಳಿಗೆ ಅದು ಕಟ್ಟುನಿಟ್ಟಾಗಿ ಬಂದದ್ದು 2012ರ ಅಕ್ಟೋಬರ್ 2ರಿಂದ. ಚಿತ್ರದ ಆರಂಭದಲ್ಲಿ ಮತ್ತು ಮಧ್ಯದಲ್ಲಿ 30 ಸೆಕೆಂಡಿನ ಆರೋಗ್ಯ ಸಂದೇಶವೂ ಕಡ್ಡಾಯವಾಯಿತು. ಟಿ.ವಿ.ಗೆ 1994ರ ಕೇಬಲ್ ನಿಯಮಗಳಿವೆ. ಅವುಗಳ ಪ್ರಕಾರ ಮದ್ಯದ ಜಾಹೀರಾತು ಹಾಕುವಂತಿಲ್ಲ. ಜಾಹೀರಾತು ನಿಂತರೂ ಕುಡುಕನ ದೃಶ್ಯ ದಿನಕ್ಕೆ ಹತ್ತು ಸಲ ಬರಬಹುದು.

ಗಾಂಜಾ ವಿಷಯಕ್ಕೆ ಬಂದರೆ ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆಯದೇ ಕೊನೆಯ ಮಾತು. ಗಿಡದ ಹೂವಿನ, ಕಾಯಿಯ ತುದಿಗಳೇ ಆ ಕಾಯ್ದೆಯ ಲೆಕ್ಕದಲ್ಲಿ ಗಾಂಜಾ. 1 ಕಿಲೊ ತನಕ ಅಲ್ಪ ಪ್ರಮಾಣ, 20 ಕಿಲೊ ದಾಟಿದರೆ ವಾಣಿಜ್ಯ ಪ್ರಮಾಣ, ಶಿಕ್ಷೆ ಅದರಂತೆ ಏರುತ್ತದೆ. ಸೇದುವುದೂ ಅಪರಾಧವೇ. ಬರಿಯ ಎಲೆಯಿಂದ ಮಾಡುವ ಭಂಗಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿತು. ಇದನ್ನೇ ಹಿಡಿದುಕೊಂಡು ಗಾಂಜಾಕ್ಕೂ ರಿಯಾಯಿತಿ ಸಿಕ್ಕಿತು ಎಂದುಕೊಂಡ ಹುಡುಗರಿದ್ದಾರೆ. ಸಿಕ್ಕಿಲ್ಲ.

ಒಂದು ಸಂಗತಿ ಮಾತ್ರ ಓದಿದವರನ್ನು ತಡೆದು ನಿಲ್ಲಿಸುತ್ತದೆ. ಜನ ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕರ್ನಾಟಕದ ಕಾಯ್ದೆ ಮೂಲತಃ ಕಳ್ಳಭಟ್ಟಿಯವರು, ಮಾದಕ ವಸ್ತು ಅಪರಾಧಿಗಳು, ಜೂಜುಕೋರರು ಮೊದಲಾದವರ ವಿರುದ್ಧ ಬಂದದ್ದು. ಮುಂದೆ ಅದಕ್ಕೆ ತಿದ್ದುಪಡಿ ತಂದು ವಿಡಿಯೊ, ಆಡಿಯೊ ನಕಲು ಮಾಡುವವರನ್ನೂ ಸೇರಿಸಿದರು. ಕಳ್ಳಭಟ್ಟಿ ಕಾಯಿಸುವವನೂ ಕುಡುಕನ ಕಾಮಿಡಿಯ ನಕಲಿ ಸೀಡಿ ಒತ್ತುವವನೂ ಒಂದೇ ಕಾಯ್ದೆಯ ಹೆಸರಿನಲ್ಲಿ ಅಕ್ಕಪಕ್ಕ ಬಂದು ನಿಂತರು.

ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ

ಸೀಡಿಗಳ ಸುಗ್ಗಿಯ ಕಾಲದಲ್ಲೇ, 2007ರ ಜುಲೈ 1ರಿಂದ, ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿಯ ವಿರುದ್ಧ ಹೆಂಗಸರು ಅಂಗಡಿಗಳ ಮುಂದೆ ಕೂತು ಬೀಗ ಹಾಕಿಸಿದ ಚರಿತ್ರೆ ಅದರ ಹಿಂದಿದೆ. 1992ರ ‘ಜೀವನ ಚೈತ್ರ’ದಲ್ಲಿ ರಾಜ್‌ಕುಮಾರ್ ಊರಿನ ಸಾರಾಯಿ ಅಂಗಡಿಯ ವಿರುದ್ಧ ನಿಲ್ಲುವ ಯಜಮಾನನಾದಾಗ ಆ ಹೆಂಗಸರಿಗೆ ತಮ್ಮ ಮಾತೇ ತೆರೆಯ ಮೇಲೆ ಕೇಳಿಸಿತು. ಸಿನಿಮಾದ ಪ್ರಭಾವ ಎಂದರೆ ಬರೀ ಕೆಟ್ಟದ್ದೇ ಎನ್ನುವವರು ಆ ಚಿತ್ರವನ್ನು ನೆನೆಯಬೇಕು. ಅಲ್ಲಿ ಕತೆ ಕೊನೆಮುಟ್ಟುತ್ತದೆ, ಅದಕ್ಕೇ ಕೆಲಸ ಮಾಡಿತು.

ಸಾರಾಯಿ ಹೋದ ಮೇಲೆ ಕೂಲಿಯವರು ಅಗ್ಗದ ವಿಸ್ಕಿ, ಬ್ರಾಂಡಿಗೆ ತಿರುಗಿದರು. ಬಿಡಿಸುವ ಕೆಲಸವೂ ಜೊತೆಜೊತೆಗೆ ನಡೆದಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಜಿಲ್ಲೆ ಜಿಲ್ಲೆಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಸರ್ಕಾರದ ಮದ್ಯಪಾನ ಸಂಯಮ ಮಂಡಳಿ ಬೀದಿನಾಟಕ ಆಡಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಮನೆಯವರು ಮಾತಾಡಲು 14416 ಸಂಖ್ಯೆಯ ಟೆಲಿ ಮನಸ್, ಮಾದಕ ವ್ಯಸನಕ್ಕೆಂದೇ 14446 ಸಹಾಯವಾಣಿ ಇವೆ.

ಮದ್ಯದ ವಿರುದ್ಧದ ಬೀದಿನಾಟಕವೂ ಶುರುವಾಗುವುದು ಹಾಸ್ಯದ ಕುಡುಕನಿಂದಲೇ. ಊರ ಬಾಗಿಲಲ್ಲಿ ತಮಟೆ ಬಡಿದು, ಒಬ್ಬ ಕುಡುಕನನ್ನು ಜನರ ನಡುವೆ ನುಗ್ಗಿಸಿ ನಗಿಸುತ್ತಾರೆ. ಜನ ಸುತ್ತುಗಟ್ಟಿದ ಮೇಲೆ ಅವನ ಹೆಂಡತಿ ಬರುತ್ತಾಳೆ. ನಗುತ್ತಿದ್ದವರಲ್ಲಿ ಕೆಲವರು ಆಗ ನೆಲ ನೋಡುತ್ತಾರೆ. ಕಂಪನಿ ನಾಟಕದ ವಿದ್ಯೆ ಇಲ್ಲಿ ಹಾಗೇ ಉಳಿದಿದೆ. ಕುಡುಕನ ಮೇಲೆ ನಗಬಾರದು ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ನಗು ಇಲ್ಲದಿದ್ದರೆ ಆ ಹೆಂಡತಿಯ ಮಾತು ಕೇಳಲು ಯಾರೂ ನಿಲ್ಲುತ್ತಿರಲಿಲ್ಲ.

ಅಂಗಡಿ ಮುಚ್ಚಿದ ಮೇಲೆ

ಸೀಡಿ ಅಂಗಡಿಗಳು ಈಗ ಮೊಬೈಲ್ ರಿಪೇರಿ, ಜೆರಾಕ್ಸ್ ಅಂಗಡಿಗಳಾಗಿವೆ. ಕುಡುಕರ ಕಾಮಿಡಿ ಮಾತ್ರ ಯೂಟ್ಯೂಬಿಗೆ ಹೋಯಿತು. ಸೀಡಿಯಲ್ಲಿ ಐದು ನಿಮಿಷವಿದ್ದ ದೃಶ್ಯ ಅಲ್ಲಿ ಒಂದು ನಿಮಿಷಕ್ಕೆ, ರೀಲ್ಸಿನಲ್ಲಿ ಮೂವತ್ತು ಸೆಕೆಂಡಿಗೆ ಇಳಿಯಿತು. ಚಿಲಕವೂ ಹೋಗಿ ತೂರಾಟವೊಂದೇ ಉಳಿದಿದೆ. 2021ರ ಡಿಜಿಟಲ್ ಮಾಧ್ಯಮ ನಿಯಮಗಳು ಒಟಿಟಿ ಚಿತ್ರಗಳಿಗೆ ವಯಸ್ಸಿನ ವರ್ಗೀಕರಣ ತಂದಿವೆ. ಮನೆಯ ಮಗು ಬೆರಳಾಡಿಸಿ ನೋಡುವ ತುಣುಕಿಗೆ ಅಂಥ ಪಟ್ಟಿ ಇಲ್ಲ.

ಇನ್ನೊಂದು ನಷ್ಟದ ಕಡೆ ಯಾರ ಗಮನವೂ ಹೋಗಿಲ್ಲ. ತುಣುಕುಗಳು ಸಾವಿರ ಪ್ರತಿಯಾಗಿ ಹರಡಿವೆ, ಅವು ಹುಟ್ಟಿದ ಇಡೀ ನಾಟಕದ ರೆಕಾರ್ಡಿಂಗು, ಇಡೀ ಕಂತು ಹುಡುಕಿದರೆ ಸಿಗುವುದು ಕಷ್ಟ. ನಮ್ಮ ಕಡೆಯ ಬೇಸಿಗೆಯ ಸೆಕೆ, ಮಳೆಗಾಲದ ತೇವ ಎರಡೂ ತಟ್ಟೆಗೆ ಶತ್ರು. ಮನೆಯಲ್ಲೇ ಬರ್ನ್ ಮಾಡಿದ ಸೀಡಿಯ ಬಣ್ಣದ ಪದರ ಬಿಸಿಲಿಗೆ ಮಾಸುತ್ತದೆ, ಅಚ್ಚಿನ ಸೀಡಿಯ ಅಲ್ಯೂಮಿನಿಯಂ ಪದರಕ್ಕೆ ಅಂಚಿನಿಂದ ತುಕ್ಕು ಹತ್ತುತ್ತದೆ. ಹಳ್ಳಿಯ ನಾಟಕವನ್ನು ಮದುವೆ ವಿಡಿಯೊದವರಿಂದ ರೆಕಾರ್ಡ್ ಮಾಡಿಸಿ ಟ್ರಂಕಿನಲ್ಲಿಟ್ಟ ಮನೆಗಳು ಗುಬ್ಬಿ, ಕುಣಿಗಲ್ ಸುತ್ತ ಇನ್ನೂ ಇವೆ. ಅದರಲ್ಲಿ ನಟಿಸಿದ ತಾತಂದಿರಲ್ಲಿ ಕೆಲವರು ಬದುಕಿದ್ದಾರೆ.

ಕೆಲಸ ದೊಡ್ಡದೇನಲ್ಲ. ಡಿ.ವಿ.ಡಿ. ಡ್ರೈವ್ ಇರುವ ಒಂದು ಹಳೆಯ ಕಂಪ್ಯೂಟರ್, ಒಂದು ಹಾರ್ಡ್ ಡಿಸ್ಕ್ ಸಾಕು. ಧೂಳು ಕೂತ ತಟ್ಟೆಯನ್ನು ಮೆತ್ತನೆ ಹತ್ತಿಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತು ಹಾಕಿ ಒರೆಸಿದರೆ ಗೀರು ದತ್ತಾಂಶದ ಜಾಡಿನುದ್ದಕ್ಕೂ ಬೀಳುತ್ತದೆ. ಫೈಲಿನ ಹೆಸರಿನಲ್ಲಿ ನಾಟಕದ ಹೆಸರು, ಊರು, ವರ್ಷ, ಪಾತ್ರಧಾರಿಗಳು, ಮೇಷ್ಟ್ರ ಹೆಸರು ಬರೆಯಬೇಕು. ತುಮಕೂರು ವಿಶ್ವವಿದ್ಯಾಲಯ ಇಂಥ ಪ್ರತಿಗಳನ್ನು ಕೂಡಿಡಲು ಒಂದು ಕೋಣೆ ತೆಗೆದರೆ, ಕನ್ನಡ ವಿಭಾಗದ ಹುಡುಗ ಹುಡುಗಿಯರು ಒಂದು ಬೇಸಿಗೆ ರಜೆಯಲ್ಲಿ ಮೂರು ತಾಲ್ಲೂಕು ಸುತ್ತಿ ಬರಬಲ್ಲರು. ಹೋದವರು ತುಣುಕಿಗೆ ತೃಪ್ತರಾಗದೆ, ಪರದೆ ಏಳುವಲ್ಲಿಂದ ಮಂಗಳಾರತಿಯ ತನಕದ ಇಡೀ ರಾತ್ರಿಯನ್ನು ಕೇಳಿ ತರಬೇಕು.